ನಳಿಗೆಯೊಳಗಿನ ಚರಿತ್ರೆ: ಕೊಡಗಿನ ಕೋವಿ, ದೋಹಾದ ಸೆಪ್ಟೆಂಬರ್

ದೋಹಾದಲ್ಲಿರುವವರಿಗೆ ಕಟಾರಾದ ಬೇಟೆ ಮತ್ತು ಫಾಲ್ಕನ್ ಪ್ರದರ್ಶನ ಗೊತ್ತಿರುತ್ತೆ. 2017ರಲ್ಲಿ ಶುರುವಾದದ್ದು, ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ನಡೆಯುತ್ತೆ. ಅದರ ಹೆಸರು ಸುಹೈಲ್ ನಕ್ಷತ್ರದ್ದು. ಆಗಸ್ಟ್ ಕೊನೆಗೆ ಆ ನಕ್ಷತ್ರ ಕಂಡರೆ ಸೆಕೆ ಇಳಿಯುವ ಕಾಲ ಬಂತು ಅಂತ ಇಲ್ಲಿಯ ಅರಬರ ಲೆಕ್ಕ. ನಾವು ಅದೇ ನಕ್ಷತ್ರವನ್ನು ಅಗಸ್ತ್ಯ ಅಂತೀವಿ. ಕಾವೇರಿಯನ್ನು ಕಮಂಡಲದಲ್ಲಿ ಇಟ್ಟುಕೊಂಡಿದ್ದ ಅದೇ ಅಗಸ್ತ್ಯ. ಅದೇ ಹೊತ್ತಿಗೆ ಕಾವೇರಿ ಹುಟ್ಟುವ ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬ: ನಾಟಿ ಮುಗಿದಿದೆ, ಕೋವಿ ಕತ್ತಿಗಳನ್ನು ತೊಳೆದು ಒರೆಸಿ ಪೂಜೆಗೆ ಇಡ್ತಾರೆ.

ಈ ಪ್ರಬಂಧ ಆ ಕೋವಿಯ ಒಂದೇ ಒಂದು ಭಾಗದ ಬಗ್ಗೆ. ಅದರ ನಳಿಗೆ.

ಮೊದಲು ಹಿನ್ನೆಲೆ ಹೇಳಿಬಿಡ್ತೀನಿ. ಕೊಡವ ಭಾಷೆಯಲ್ಲಿ ಕೋವಿಗೆ ತೋಕ್ ಅಂತಾರೆ. ಕೈಲ್‌ಪೊಳ್ದ್ ದಿನ ಅದಕ್ಕೆ ಮುಡಿಸುವ ಕೆಂಪು-ಹಳದಿ ಹೂವಿನ ಹೆಸರೇ ತೋಕ್‌ಪೂ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು, ಪುತ್ತರಿಯಲ್ಲಿ ಹೊಸ ಕದಿರು ಕೊಯ್ಯುವಾಗ ಒಂದು. ಫೋನ್ ಇಲ್ಲದ ಕಾಲದಲ್ಲಿ, ಗುಡ್ಡಕ್ಕೊಂದು ಮನೆಯಿರುವ ಊರಿನಲ್ಲಿ, ಇದು ಸುದ್ದಿ ಮುಟ್ಟಿಸುವ ದಾರಿಯೂ ಆಗಿತ್ತು.

1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡರು. 1857ರ ನಂತರ ಜನರಿಂದ ಆಯುಧ ಕಿತ್ತುಕೊಳ್ಳುವ ಕಾನೂನು ಬಂದಾಗ, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ವಿನಾಯಿತಿ ಕೊಟ್ಟರು. ಹೌದು, ಬೆಂಗಳೂರಿನ ಕಬ್ಬನ್ ಪಾರ್ಕಿನ ಅದೇ ಕಬ್ಬನ್. ಸ್ವತಂತ್ರ ಭಾರತವೂ 1959ರ ಆಯುಧ ಕಾಯ್ದೆಯ ಅಡಿಯಲ್ಲಿ 1963ರಲ್ಲಿ ಕೊಡವರಿಗೂ ಜಮ್ಮಾ ಭೂಮಿ ಹಿಡಿದವರಿಗೂ ಅದನ್ನು ಮುಂದುವರಿಸಿತು. 2019ರ ಆದೇಶ ಇದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿದೆ, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಅಂದರೆ ಕೋವಿ ಮನೆಯಲ್ಲಿ ಉಳಿದಿದೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆ ಉಳಿದಿಲ್ಲ. ಅಲ್ಲಿಂದಲೇ ನಳಿಗೆಯ ಕಷ್ಟ ಶುರು.

ಯಾಕೆ ಅಂತ ನೋಡಿ. ಬಳಸುವ ಕೋವಿಯನ್ನು ಮನುಷ್ಯ ಪ್ರತಿ ಸಲ ಒರೆಸ್ತಾನೆ. ಬಳಸದ ಕೋವಿ ವರ್ಷಕ್ಕೊಮ್ಮೆ ಹೊರಗೆ ಬರುತ್ತೆ, ಹಬ್ಬದ ದಿನ ಒಂದು ಗುಂಡು ಹಾರಿಸುತ್ತೆ, ಮತ್ತೆ ಮೂಲೆ ಸೇರುತ್ತೆ. ಆ ಒಂದು ಗುಂಡು ಹಾರಿಸಿ ಹಾಗೇ ಇಟ್ಟರೆ ಅದೇ ಸಾಕು ಹಾಳಾಗಲು.

ಹಳೆಯ ಕೇಪಿನ ಕೋವಿಗೆ ಹಾಕುವ ಕರಿಮದ್ದು ಅಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ. ಸುಮಾರು 75:15:10ರ ಪ್ರಮಾಣ. ಉರಿದ ಮೇಲೆ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆ ಮತ್ತು ಮಸಿಯ ರೂಪದ ಘನ ವಸ್ತು. ನಳಿಗೆಯ ಗೋಡೆಗೆ ಅಂಟುವ ಆ ಮಸಿಯಲ್ಲಿ ಪೊಟ್ಯಾಸಿಯಂ ಲವಣಗಳಿರುತ್ತವೆ, ಅವು ಗಾಳಿಯ ತೇವ ಹೀರುತ್ತವೆ. ಹಳೆಯ ಕಾಲದ ಕೇಪುಗಳಲ್ಲಿ ಇನ್ನೊಂದು ವಸ್ತು ಇತ್ತು, ಪೊಟ್ಯಾಸಿಯಂ ಕ್ಲೋರೇಟ್. ಅದು ಉರಿದು ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಹತ್ತಿರದ ಸಂಬಂಧಿ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ. ಕಬ್ಬಿಣ, ಉಪ್ಪು, ತೇವ ಮೂರೂ ಒಂದೇ ಕೊಳವೆಯೊಳಗೆ ಸೇರಿದರೆ ತುಕ್ಕಿಗೆ ಇನ್ನೇನು ಬೇಕು?

ಇಲ್ಲಿ ಒಂದು ಸೂಕ್ಷ್ಮ ಇದೆ. ಉಪ್ಪು ಎಣ್ಣೆಯಲ್ಲಿ ಕರಗಲ್ಲ, ನೀರಿನಲ್ಲಿ ಕರಗುತ್ತೆ. ಗುಂಡು ಹಾರಿಸಿದ ಮೇಲೆ ನೇರ ಎಣ್ಣೆ ಹಚ್ಚಿದರೆ ಉಪ್ಪಿನ ಮೇಲೆ ಮುಚ್ಚಳ ಹಾಕಿದ ಹಾಗೆ. ತುಕ್ಕು ಒಳಗೇ ಬೆಳೆಯುತ್ತೆ. ಅದಕ್ಕೇ ಕರಿಮದ್ದಿನ ನಳಿಗೆಗೆ ಮೊದಲು ಬಿಸಿನೀರು, ಆಮೇಲೆ ಒಣ ಬಟ್ಟೆ, ಕೊನೆಗೆ ತೆಳುವಾಗಿ ಎಣ್ಣೆ. ಅಡುಗೆ ಎಣ್ಣೆ ಬೇಡ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತೆ, ಕೊಡಗಿನ ಚಳಿಗಾಲಕ್ಕೆ ಅದು ಹೊಂದಲ್ಲ.

ಎರಡನೇ ಪೀಳಿಗೆಯ ಕೋವಿ ಜೋಡಿ ನಳಿಗೆಯ ತೋಟಾ ಕೋವಿ, ಹೆಚ್ಚಾಗಿ 12 ಬೋರ್. ಈ 12 ಏನು ಗೊತ್ತಾ? ನಳಿಗೆಗೆ ಸರಿಯಾಗಿ ಹಿಡಿಸುವ ಸೀಸದ ಗುಂಡುಗಳನ್ನು ತೂಗಿದರೆ 12 ಸೇರಿ ಒಂದು ಪೌಂಡ್ ಆಗಬೇಕು. ನಾನು ಡೇಟಾ ಕೆಲಸದವನು, ಲೆಕ್ಕ ಮಾಡದೆ ನಂಬಲ್ಲ. 453.6 ಗ್ರಾಂ ಭಾಗಿಸು 12, ಅಂದರೆ 37.8 ಗ್ರಾಂ, ಸೀಸದ ಸಾಂದ್ರತೆ 11.34, ಗೋಳದ ವ್ಯಾಸ 18.5 ಮಿಲಿಮೀಟರ್. ಇಂದಿಗೂ 12 ಬೋರ್ ಅಂದರೆ ಅಷ್ಟೇ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕತಾರ್‌ನ ನಾಸರ್ ಅಲ್ ಅತಿಯಾ ಸ್ಕೀಟ್‌ನಲ್ಲಿ ಕಂಚು ಗೆದ್ದ ಆ ಸ್ಪರ್ಧೆಗೂ ಇದೇ 12 ಬೋರ್.

ಹಳೆಯ ಇಂಗ್ಲಿಷ್ ನಳಿಗೆಗಳಲ್ಲಿ ಕೆಲವು, ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹುರಿ ಹೊಸೆದ ಹಾಗೆ ತಿರುಚಿ ಬೆಸೆದು ಮಾಡಿದವು. ಮೈಮೇಲೆ ನೀರಿನ ಅಲೆಯಂಥ ಗೆರೆ, ನೋಡಲು ಬಲು ಚಂದ. ಆದರೆ ಅವು ಕರಿಮದ್ದಿನ ಕಾಲದವು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇ ಹೊಗೆಯಿಲ್ಲದ ಮದ್ದು ಕಂಡುಹಿಡಿದ ಮೇಲೆ ಒತ್ತಡದ ಲೆಕ್ಕವೇ ಬದಲಾಯಿತು. ಬ್ರಿಟಿಷ್ ಕೋವಿಯಾದರೆ ನಳಿಗೆಯ ಬುಡದಲ್ಲಿ ಪರೀಕ್ಷೆಯ ಮುದ್ರೆಗಳಿರುತ್ತವೆ. ಬರ್ಮಿಂಗ್‌ಹ್ಯಾಮ್‌ನ ಪರೀಕ್ಷಾಲಯ 1813ರಿಂದ ಈ ಕೆಲಸ ಮಾಡ್ತಿದೆ. ಅದರಲ್ಲಿ 'ನೈಟ್ರೋ ಪ್ರೂಫ್' ಅಂತ ಇಲ್ಲದಿದ್ದರೆ ಇಂದಿನ ಅಂಗಡಿಯ ತೋಟಾ ಹಾಕಬಾರದು. ನಳಿಗೆ ಸೀಳಿದರೆ ಮೊದಲು ಹೋಗುವುದು ಅದನ್ನು ಹಿಡಿದ ಎಡಗೈ.

ಮೂರನೆಯದು ರೈಫಲ್. ಭಾರತದಲ್ಲಿ ಸಾಮಾನ್ಯವಾಗಿ ಕಾಣುವುದು ಸರ್ಕಾರಿ ಕಾರ್ಖಾನೆಯ .315, ಅಂದರೆ 8 ಮಿಲಿಮೀಟರ್. ಇದರ ನಳಿಗೆಯೊಳಗೆ ಸುರುಳಿ ಗೀರುಗಳಿವೆ, ಗುಂಡಿನ ತಾಮ್ರದ ಹೊದಿಕೆ ಅವುಗಳಲ್ಲಿ ಸಿಕ್ಕಿಕೊಳ್ಳುತ್ತೆ. ಅಮೋನಿಯ ಇರುವ ದ್ರಾವಣದ ಬಟ್ಟೆ ಹಾಯಿಸಿದಾಗ ಅದು ನೀಲಿಯಾಗಿ ಹೊರಬಂದರೆ ತಾಮ್ರ ಇನ್ನೂ ಇದೆ ಅಂತ ಅರ್ಥ. ಆಗುವಲ್ಲೆಲ್ಲ ಹಿಂಬದಿಯಿಂದಲೇ ಒರೆಸಬೇಕು. ಮುಂಬಾಯಿಯ ಅಂಚು ಕಡ್ಡಿ ತಾಗಿ ಸವೆದರೆ ಗುರಿ ತಪ್ಪುತ್ತೆ.

ಈಗ ನಿಮಗೊಂದು ಕೆಲಸ. ಮುಂದಿನ ರಜೆಗೆ ಊರಿಗೆ ಹೋದಾಗ ಮನೆಯ ಹಿರಿಯರ ಹತ್ತಿರ, ಪರವಾನಗಿ ಅಥವಾ ವಿನಾಯಿತಿ ಪತ್ರ ಯಾರ ಹೆಸರಲ್ಲಿದೆಯೋ ಅವರ ಹತ್ತಿರ, ಕೂತು ಕೇಳಿ. ಕೋವಿ ಖಾಲಿ ಇದೆ ಅಂತ ಅವರು ತೆರೆದು ತೋರಿಸಲಿ, ನೀವೂ ಕಣ್ಣಾರೆ ನೋಡಿ. ಆಮೇಲೆ ನಳಿಗೆಯನ್ನು ಬಿಚ್ಚಿ ಬೆಳಕಿಗೆ ಹಿಡಿಯಿರಿ. ಕಪ್ಪು ಚುಕ್ಕಿಗಳು ಕಂಡರೆ ಅದು ತುಕ್ಕು ತಿಂದ ಗುಂಡಿ. ಒಳಗೆ ಕಪ್ಪು ಉಂಗುರದ ಹಾಗೆ ಕಂಡರೆ ಅಲ್ಲಿ ನಳಿಗೆ ಉಬ್ಬಿದೆ: ಯಾವಾಗಲೋ ಒಳಗೆ ಏನೋ ಅಡ್ಡ ಇದ್ದಾಗ ಗುಂಡು ಹಾರಿದೆ. ಕಣಜ ಮಣ್ಣಿನ ಗೂಡು ಕಟ್ಟಿದರೂ ಸಾಕು ಹೀಗಾಗಲು. ಉಬ್ಬಿದ ನಳಿಗೆಯಿಂದ ಮತ್ತೆ ಗುಂಡು ಹಾರಿಸಬಾರದು. ಪರವಾನಗಿ ಇರುವ ಕೋವಿ ರಿಪೇರಿಯವರು ನೋಡಲಿ. ಚರ್ಮದ ಚೀಲದಲ್ಲಿ ಇಟ್ಟಿದ್ದರೆ ಹೊರಗೆ ತೆಗೆಸಿ, ಚರ್ಮ ತೇವ ಹಿಡಿದಿಡುತ್ತೆ. ಮತ್ತೆ ದೋಹಾಕ್ಕೆ ಹೊರಡುವಾಗ ನೆನಪಿಗೆ ಅಂತ ಒಂದು ತೋಟಾ ಕೂಡ ಬ್ಯಾಗಿಗೆ ಹಾಕಬೇಡಿ. ಏರ್‌ಪೋರ್ಟಿನಲ್ಲಿ ಆಗುವ ಪಾಡು ಬೇಡವೇ ಬೇಡ.

ನಾನು ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣ ಇದೆ. 2029ರಲ್ಲಿ ವಿನಾಯಿತಿ ಮುಂದುವರಿಯುತ್ತೋ ಇಲ್ಲವೋ ಅನ್ನುವ ಚರ್ಚೆ ಕೋರ್ಟು, ದೆಹಲಿಗಳಲ್ಲಿ ನಡೆಯುತ್ತೆ. ಅದರಲ್ಲಿ ದೋಹಾ, ದುಬೈಗಳಲ್ಲಿರುವ ನಮ್ಮ ಕೈಯಲ್ಲಿ ಹೆಚ್ಚೇನೂ ಇಲ್ಲ. ಆದರೆ ಬಿಸಿನೀರು ಯಾಕೆ, ಎಣ್ಣೆ ಯಾವಾಗ, ಯಾವ ಕೋವಿಗೆ ಯಾವ ತೋಟಾ ಅನ್ನುವ ತಿಳಿವಳಿಕೆ ಯಾವ ಸರ್ಕಾರಿ ಪತ್ರದಲ್ಲೂ ಇಲ್ಲ. ಅದು ಮನೆಯಲ್ಲಿರುವ ಎಪ್ಪತ್ತು ದಾಟಿದವರ ಕೈಯಲ್ಲಿದೆ. ಅವರು ತೋರಿಸುವಾಗ ಫೋನಿನಲ್ಲಿ ಒಂದು ವಿಡಿಯೊ ಮಾಡಿಕೊಳ್ಳಿ, ಮುದ್ರೆಗಳ ಫೋಟೋ ತೆಗೆದಿಡಿ, ಯಾವ ಅಜ್ಜ ಯಾವಾಗ ಕೊಂಡದ್ದು ಅಂತ ಕೇಳಿ ಬರೆದಿಡಿ. ಮಕ್ಕಳು ನಾಳೆ ಆ ಕೋವಿಗೆ ತೋಕ್‌ಪೂ ಮುಡಿಸುವಾಗ ಅದು ಅಲಂಕಾರಕ್ಕಿಟ್ಟ ತುಕ್ಕು ಕೊಳವೆ ಆಗಿರಬಾರದು.