ಗಂಟೆ ಹೊಡೆದರೆ ಬರುವವರು ಯಾರು?

ಕಳ್ಳಗಂಟೆಗೆ, ಅಂದರೆ ಈಗ ನಾವು ಬರ್ಗ್ಲರ್ ಅಲಾರಂ ಅನ್ನುವ ವಸ್ತುವಿಗೆ, ನೂರಾ ಎಪ್ಪತ್ತು ವರ್ಷ ದಾಟಿದೆ. 1853ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಆಗಸ್ಟಸ್ ರಸೆಲ್ ಪೋಪ್ ಎಂಬ ಪಾದ್ರಿಯೊಬ್ಬರು ಇದಕ್ಕೆ ಪೇಟೆಂಟ್ ಪಡೆದರು. ಉಪಾಯ ಸರಳ. ಬಾಗಿಲೋ ಕಿಟಕಿಯೋ ತೆರೆದರೆ ತಂತಿಯಲ್ಲಿ ವಿದ್ಯುತ್ ಹರಿಯುತ್ತದೆ, ವಿದ್ಯುತ್ಕಾಂತ ಒಂದು ಸುತ್ತಿಗೆಯನ್ನು ಎಳೆಯುತ್ತದೆ, ಸುತ್ತಿಗೆ ಗಂಟೆಗೆ ಬಡಿಯುತ್ತದೆ. 1857ರಲ್ಲಿ ಎಡ್ವಿನ್ ಹೋಮ್ಸ್ ಎಂಬ ವ್ಯಾಪಾರಿ ಆ ಹಕ್ಕನ್ನು ಕೊಂಡು ಮೊದಲು ಬಾಸ್ಟನ್ನಿನಲ್ಲಿ, ಆಮೇಲೆ ನ್ಯೂಯಾರ್ಕಿನಲ್ಲಿ ಮಾರಿದ. ಗಂಟೆ ಹೊಡೆದರೆ ಮನೆ ಯಜಮಾನ ಏಳುತ್ತಿದ್ದ, ಸರಿ. ಎದ್ದು ಏನು ಮಾಡಬೇಕು? ಕಳ್ಳನ ಎದುರು ಒಬ್ಬನೇ ನಿಲ್ಲಬೇಕೇ? ಅದಕ್ಕೇ 1870ರ ದಶಕದಲ್ಲಿ ಮನೆಗಳ ತಂತಿಗಳನ್ನೆಲ್ಲ ಒಂದು ಕೇಂದ್ರ ಕಚೇರಿಗೆ ಎಳೆದು, ಅಲ್ಲಿಂದ ಆಳು ಕಳಿಸುವ ವ್ಯವಸ್ಥೆ ಬಂತು. ಅಂದರೆ ಗಂಟೆ ಹುಟ್ಟಿದ ಇಪ್ಪತ್ತೇ ವರ್ಷದಲ್ಲಿ ಅಲ್ಲಿನವರಿಗೆ ಒಂದು ಮಾತು ತಿಳಿದಿತ್ತು. ಸದ್ದಿನಿಂದ ಮನೆ ಉಳಿಯುವುದಿಲ್ಲ, ಸದ್ದು ಕೇಳಿ ಬರುವವರಿಂದ ಉಳಿಯುತ್ತದೆ.

ಇದು ನಮ್ಮ ಕಡೆಯವರಿಗೆ ಇನ್ನೂ ಮುಂಚೆಯೇ ಗೊತ್ತಿತ್ತು ನೋಡಿ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬೆಳೆದವರಿಗೆ ಅಗಸೆ ಬಾಗಿಲು, ಹುಡೇವು, ತಳವಾರ, ವಾಲೀಕಾರ ಎಂಬ ಮಾತುಗಳು ಹೊಸವಲ್ಲ. ಕೃಷ್ಣೆಯಿಂದ ಈಚೆ, ಪುಣೆ ಸುತ್ತಮುತ್ತಲಿನ ಹಳ್ಳಿಗಳಲ್ಲಿ, ಇದೇ ಕೆಲಸ ರಾಮೋಶಿಗಳದ್ದಾಗಿತ್ತು. ಊರಲ್ಲಿ ಕಳುವಾದರೆ ಕಾವಲುಗಾರ ಕಳ್ಳನ ಹೆಜ್ಜೆಯ ಜಾಡು ಹಿಡಿಯಬೇಕು. ಜಾಡು ಪಕ್ಕದ ಊರಿನ ಗಡಿಯೊಳಗೆ ಹೋಗಿದೆ ಎಂದು ತೋರಿಸಿದರೆ ಹೊಣೆ ಆ ಊರಿನವರಿಗೆ. ತೋರಿಸಲಾಗದಿದ್ದರೆ ನಷ್ಟ ಇವನ ಮೇಲೆ, ಇಲ್ಲವೇ ಊರಿನ ಮೇಲೆ. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಇದು ಬರೀ ಸೇವೆಯಲ್ಲ, ಗ್ಯಾರಂಟಿ! ಅದಕ್ಕೆ ಪ್ರತಿಯಾಗಿ ಅವನಿಗೆ ಸುಗ್ಗಿಯಲ್ಲಿ ಕಾಳಿನ ಪಾಲು, ಕೆಲವೆಡೆ ಇನಾಮು ಭೂಮಿ.

ಪುಣೆ ಪಟ್ಟಣದ ಕಥೆ ಬೇರೆ. 1732ರಲ್ಲಿ ಮೊದಲ ಬಾಜೀರಾಯನ ಶನಿವಾರವಾಡೆ ಎದ್ದಿತು. ಅದರ ದಿಲ್ಲಿ ದರವಾಜೆಯ ಮೇಲಿನ ಕಬ್ಬಿಣದ ಮೊಳೆಗಳನ್ನು ನೀವೂ ನೋಡಿರಬಹುದು, ಆನೆ ಹಣೆಯಿಂದ ಗುದ್ದದಿರಲಿ ಅಂತ. ಊರಿನ ಕಾವಲು ಕೋತ್ವಾಲನದು. ಪೇಶ್ವೆಯ ಸೇನೆಯಲ್ಲಿದ್ದ ವಿಲಿಯಂ ಟೋನ್ ಎಂಬ ಐರಿಷ್ ಅಧಿಕಾರಿ 1790ರ ದಶಕದಲ್ಲಿ ಬರೆದಿಟ್ಟಿದ್ದಾನೆ: ರಾತ್ರಿ ತೋಪು ಹಾರಿಸಿದ ಮೇಲೆ ಬೀದಿಗೆ ಬಂದವರನ್ನು ಗಸ್ತಿನವರು ಹಿಡಿದು ಬೆಳಗಿನವರೆಗೆ ಕೂಡಿಹಾಕುತ್ತಿದ್ದರಂತೆ, ಪೇಶ್ವೆಯನ್ನೂ ಬಿಟ್ಟಿಲ್ಲವಂತೆ! ಕೇಳಲು ಚೆನ್ನಾಗಿದೆ. ಆದರೆ ಇದೇ ಕೋತ್ವಾಲಿಯ ಘಾಶೀರಾಮ 1791ರಲ್ಲಿ ತೆಲಂಗ ಬ್ರಾಹ್ಮಣರನ್ನು ಇಕ್ಕಟ್ಟಾದ ಕೋಣೆಯಲ್ಲಿ ಕೂಡಿಹಾಕಿದ. ಉಸಿರುಗಟ್ಟಿ ಹಲವರು ಸತ್ತರು, ರೊಚ್ಚಿಗೆದ್ದ ಜನ ಅವನನ್ನೇ ಕೊಂದರು. ತೆಂಡೂಲ್ಕರರ ನಾಟಕದಿಂದ ಈ ಹೆಸರು ಕನ್ನಡಿಗರಿಗೂ ಗೊತ್ತು. ಕಾಯುವವನ ಮೇಲೂ ಒಂದು ಕಣ್ಣಿರಬೇಕು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

1818ರಲ್ಲಿ ಪೇಶ್ವಾಯಿ ಮುಗಿಯಿತು. ಹೊಸ ಆಡಳಿತದಲ್ಲಿ ರಾಮೋಶಿಗಳ ಹಳೆಯ ಹಕ್ಕುಗಳು ಹೋದವು. ಪುರಂದರ ಕೋಟೆ ಕಾಯ್ದ ಮನೆತನದ ಉಮಾಜಿ ನಾಯಕ ಬಂಡೆದ್ದ. 1832ರ ಫೆಬ್ರವರಿ 3ರಂದು ಪುಣೆಯಲ್ಲೇ ಅವನನ್ನು ಗಲ್ಲಿಗೇರಿಸಿದರು. 1857ರಲ್ಲಿ ನಮ್ಮ ಹಲಗಲಿಯ ಬೇಡರು ಹತಾರ ಒಪ್ಪಿಸಲಾರೆವು ಎಂದು ನಿಂತದ್ದು ನಿಮಗೆ ಗೊತ್ತೇ ಇದೆ. 1871ರಲ್ಲಿ ಬಂದ ಕಾಯ್ದೆ ಇಡೀ ಇಡೀ ಸಮುದಾಯಗಳಿಗೆ ‘ಹುಟ್ಟಾ ಅಪರಾಧಿ’ ಎಂಬ ಹಣೆಪಟ್ಟಿ ಹಚ್ಚಲು ದಾರಿ ಮಾಡಿತು. ಅದು ರದ್ದಾದದ್ದು 1952ರಲ್ಲಿ. ಬೇಡರು, ರಾಮೋಶಿಗಳು ಇಬ್ಬರೂ ಮಹಾರಾಷ್ಟ್ರದ ವಿಮುಕ್ತ ಜಾತಿಗಳ ಪಟ್ಟಿಯಲ್ಲಿದ್ದಾರೆ. ಊರು ಕಾಯ್ದವರನ್ನೇ ಊರು ಕಳ್ಳರೆಂದು ಬರೆದುಕೊಂಡ ಲೆಕ್ಕ ಇದು. ಕಳುವಿನ ಸುದ್ದಿ ಬಂದಾಗ ನಾವು ಮೊದಲು ಕೆಲಸದಾಕೆಯ, ವಾಚ್‌ಮನ್ನನ ಮುಖ ನೋಡುತ್ತೇವಲ್ಲ, ಆ ಅಭ್ಯಾಸ ಇವತ್ತಿನದಲ್ಲ.

ಪುಣೆಯ ಬಾಗಿಲುಗಳ ಇತಿಹಾಸದಲ್ಲಿ 1976 ಒಂದು ಗೆರೆ. ಆ ವರ್ಷದ ಜನವರಿಯಿಂದ 1977ರ ಮಾರ್ಚ್‌ವರೆಗೆ ಹತ್ತು ಕೊಲೆಗಳಾದವು, ಹೆಚ್ಚಿನವು ಮನೆಯೊಳಗೇ. ಜೋಶಿ-ಅಭ್ಯಂಕರ್ ಪ್ರಕರಣ ಅಂತ ಹೆಸರು. ಮಾಡಿದವರು ಕಲಾಶಾಲೆಯ ವಿದ್ಯಾರ್ಥಿಗಳು. ನಾಲ್ವರಿಗೆ 1983ರ ನವೆಂಬರ್ 27ರಂದು ಯೆರವಡಾದಲ್ಲಿ ಗಲ್ಲಾಯಿತು. ನಾನು ಈ ಊರಿಗೆ ವರ್ಗವಾಗಿ ಬಂದಾಗಲೂ ಹಿರಿಯರು ಆ ಹೆಸರನ್ನು ದನಿ ತಗ್ಗಿಸಿಯೇ ಹೇಳುತ್ತಿದ್ದರು. ಸಂಜೆಯಾದರೆ ಬೀದಿ ಖಾಲಿ, ಬಾಗಿಲಿಗೆ ಇಣುಕುಗಂಡಿ, ಸರಪಳಿ, ಹೊರಗೊಂದು ಜಾಲರಿ ಬಾಗಿಲು - ಇವೆಲ್ಲ ತಮ್ಮ ಓಣಿಗೆ ಬಂದದ್ದು ಆಗ ಅನ್ನುತ್ತಿದ್ದರು.

ಆಮೇಲೆ ವಾಡೆಗಳು ಹೋಗಿ ಅಪಾರ್ಟ್‌ಮೆಂಟ್‌ಗಳು ಬಂದವು. ವಾಡೆಯಲ್ಲಿ ಒಂದೇ ದೊಡ್ಡ ಬಾಗಿಲು, ಒಳಗೆ ಹತ್ತು ಸಂಸಾರ, ಅಂಗಳದಲ್ಲಿ ಯಾರಾದರೂ ಒಬ್ಬರು ಇದ್ದೇ ಇರುತ್ತಿದ್ದರು. ಫ್ಲಾಟಿನಲ್ಲಿ ಆ ಅಂಗಳವಿಲ್ಲ. ಆ ಜಾಗಕ್ಕೆ ಸಂಬಳದ ವಾಚ್‌ಮನ್ ಬಂದ. ಇವರ ಕೆಲಸ, ಕಲ್ಯಾಣಕ್ಕೆಂದು ಮಹಾರಾಷ್ಟ್ರ 1981ರಲ್ಲೇ ಕಾಯ್ದೆ ಮಾಡಿತು. ಏಜೆನ್ಸಿಗಳಿಗೆ ಲೈಸೆನ್ಸು ಕಡ್ಡಾಯ ಮಾಡಿದ ಕೇಂದ್ರದ ಕಾಯ್ದೆ 2005ರದು.

ಇನ್ನು ಯಂತ್ರದ ಮಾತು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಸೈರನ್ ಜೊತೆ ಬಾಳಿದವನು ನಾನು. ನಾನಿದ್ದ ಒಂದು ಶಾಖೆಯಲ್ಲಿ ರಾತ್ರಿ ಇಲಿ ಓಡಾಡಿ ಸೈರನ್ ಕೂಗಿತು, ಇಡೀ ಬೀದಿ ಮಲಗೇ ಇತ್ತು. ಇದಕ್ಕೆ ಕಾರಣ ಇಷ್ಟೇ. ಗೋಡೆಯ ಮೇಲಿನ ಸೆನ್ಸರ್ ನೋಡುವುದು ಮನುಷ್ಯನನ್ನಲ್ಲ, ಕೋಣೆಯೊಳಗೆ ಚಲಿಸುವ ಬಿಸಿಯನ್ನು. ಇಲಿಗೂ ಬಿಸಿಯಿದೆ. ನಾಲ್ಕು ಸಲ ಸುಳ್ಳು ಕೂಗಿದರೆ ಐದನೆಯ ಸಲಕ್ಕೆ ಯಾರೂ ಬರುವುದಿಲ್ಲ.

ಬಾಗಿಲಿಗೆ ಹಚ್ಚುವ ಅಯಸ್ಕಾಂತದ ಸ್ವಿಚ್ಚು ಪೋಪ್ ಪಾದ್ರಿಯ ಮೊಮ್ಮಗನೇ ಸರಿ. ಅಗ್ಗ, ಸುಳ್ಳು ಕೂಗುವುದು ಕಡಿಮೆ. ಕ್ಯಾಮೆರಾ ಸೇರಿಸಿದ ಮನೆಕಾವಲಿಗೆ ಪೇಟೆಂಟ್ ಪಡೆದವರಲ್ಲಿ ಮೊದಲಿಗರು ನ್ಯೂಯಾರ್ಕಿನ ನರ್ಸ್ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಮತ್ತು ಅವರ ಪತಿ, 1969ರಲ್ಲಿ. ಅವರ ಬಡಾವಣೆಗೆ ಪೊಲೀಸರು ಬೇಗ ಬರುತ್ತಿರಲಿಲ್ಲ, ಅದೇ ಕಾರಣ. ಇಂಟರ್ನೆಟ್ ಕ್ಯಾಮೆರಾ ಬಂದ ಮೇಲೆ ಹೊಸ ತಲೆನೋವು. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ಪ್ರೋಗ್ರಾಂ, ಕಂಪನಿ ಕೊಟ್ಟ ಪಾಸ್‌ವರ್ಡನ್ನೇ ಉಳಿಸಿಕೊಂಡ ಕ್ಯಾಮೆರಾಗಳನ್ನು ಹಿಡಿದು ದೊಡ್ಡ ದೊಡ್ಡ ವೆಬ್‌ಸೈಟುಗಳನ್ನೇ ಮಲಗಿಸಿತು. ನಮ್ಮ ಸರ್ಕಾರವೂ 2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಸುರಕ್ಷತಾ ಪರೀಕ್ಷೆ ಕಡ್ಡಾಯ ಮಾಡಿದೆ. ಕೊಳ್ಳುವಾಗ ಕೇಳಿ ನೋಡಿ.

ನಮ್ಮ ಸೊಸೈಟಿಯಲ್ಲೂ ಈ ಚರ್ಚೆ ಬಂತು. ರಾತ್ರಿಯ ಇಬ್ಬರು ವಾಚ್‌ಮನ್‌ಗಳನ್ನು ಬಿಡಿಸಿ, ಆ ಹಣದಲ್ಲಿ ಕ್ಯಾಮೆರಾ, ತಾನಾಗಿ ತೆರೆಯುವ ಗೇಟು, ಮನೆಮನೆಗೆ ಅಲಾರಂ ಹಾಕಿಸೋಣ ಅಂತ ಪ್ರಸ್ತಾಪ. ಲೆಕ್ಕ ಹಾಕಿದರೆ ಯಂತ್ರವೇ ಅಗ್ಗ, ಸುಳ್ಳೇನಲ್ಲ. ಆದರೆ ಇಲ್ಲಿ ಅರ್ಧಕ್ಕರ್ಧ ಮನೆಗಳಲ್ಲಿ ಇಬ್ಬರೇ ಮುದುಕರು, ಮಕ್ಕಳು ಹೊರದೇಶದಲ್ಲಿ. ರಾತ್ರಿ ಎರಡಕ್ಕೆ ತಂದೆ ಹಾಲಿನಲ್ಲಿ ಜಾರಿ ಬಿದ್ದರೆ ನ್ಯೂಜೆರ್ಸಿಯ ಮಗನ ಫೋನು ಕೂಗುತ್ತದೆ. ಅಲ್ಲಿ ಇನ್ನೂ ಹಿಂದಿನ ದಿನದ ಮಧ್ಯಾಹ್ನ, ಆಫೀಸಿನಲ್ಲಿ ಕೂತು ಅವನು ನೋಡಬಲ್ಲ. ಎತ್ತಿ ಕೂರಿಸಲು ಕೆಳಗಿನಿಂದ ಒಬ್ಬರು ಹತ್ತಿ ಬರಬೇಕು!

ಹಾಗಾಗಿ ನಾನು ಬರೆದುಕೊಟ್ಟದ್ದು ಇಷ್ಟು: ಇಬ್ಬರೂ ಇರಲಿ, ಅವರಿಗೆ ಕೂರಲು ಕುರ್ಚಿ, ವಾರಕ್ಕೊಂದು ರಜೆ ಇರಲಿ. ಬಾಗಿಲಿಗೆ ಅಯಸ್ಕಾಂತದ ಸ್ವಿಚ್ಚು, ಮಲಗುವ ಕೋಣೆಯಲ್ಲೊಂದು ಗುಂಡಿ, ಎರಡೂ ಬ್ಯಾಟರಿ ಸಹಿತ - 2006ರಲ್ಲಿ ‘ಪುಣೆ ಮಾದರಿ’ ಬರುವ ಮುಂಚಿನ ಲೋಡ್‌ಶೆಡ್ಡಿಂಗ್ ಮರೆತವರು ಯಾರು? ಗಂಟೆ ಕಾವಲುಗಾರನಿಗೂ, ಅದೇ ಮಹಡಿಯ ಎರಡು ಮನೆಗೂ ಕೇಳಬೇಕು. ಒಂದು ಕೀಲಿಕೈ ನಂಬಿಗಸ್ತ ನೆರೆಯವರಲ್ಲಿರಲಿ. ಕ್ಯಾಮೆರಾ ಗೇಟಿಗೆ, ಲಿಫ್ಟಿನ ಬಾಗಿಲಿಗೆ ಸಾಕು, ಎದುರು ಮನೆಯವರ ಹೊಸ್ತಿಲಿಗೆ ಬೇಡ. ತಿಂಗಳಿಗೊಮ್ಮೆ ಎಲ್ಲರೆದುರು ಒತ್ತಿ ಪರೀಕ್ಷಿಸಿ, ಪುಸ್ತಕದಲ್ಲಿ ಸಹಿ ಹಾಕಬೇಕು. ಬ್ಯಾಂಕಿನಲ್ಲಿ ನಾವು ಮಾಡುವುದೂ ಅದನ್ನೇ.

ಮುಂದಿನ ಸಭೆಯಲ್ಲಿ ಮತಕ್ಕೆ ಹಾಕುತ್ತಾರೆ. ಏನಾಗುತ್ತದೋ ನೋಡೋಣ. ನೀವು ಪುಣೆಯಲ್ಲೇ ಇರಿ, ಮುಂಬೈಯಲ್ಲೇ ಇರಿ, ಅಲಾರಂ ಅಂಗಡಿಗೆ ಹೋಗುವ ಮುಂಚೆ ಪಕ್ಕದ ಮನೆಯವರ ಫೋನ್ ನಂಬರ್ ನಿಮ್ಮಲ್ಲಿದೆಯೇ ಅಂತ ಒಮ್ಮೆ ನೋಡಿಕೊಳ್ಳಿ. ಅದಕ್ಕೆ ಖರ್ಚೇನೂ ಇಲ್ಲ.