12 ವೋಲ್ಟ್ ಅಡಾಪ್ಟರ್‌ನಲ್ಲಿ 300 ವ್ಯಾಟ್ ಸದ್ದು ಬರುತ್ತದೆಯೇ? ಪುಟ್ಟ ಆಂಪ್ಲಿಫೈಯರ್‌ಗಳ ಅಸಲಿ ಲೆಕ್ಕ

"ಅಂಗೈಯಗಲದ ಬೋರ್ಡ್, 300+300 ವ್ಯಾಟ್, ಬರೀ 12 ವೋಲ್ಟ್ ಸಾಕು, ಇಂದೇ ಕೊನೆಯ ದಿನ!" ಗಣಪತಿ ಹಬ್ಬ ಹತ್ತಿರವಾದಾಗ ಶಿವಮೊಗ್ಗದ ವಿನೋಬನಗರದಲ್ಲಿರುವ ನಮ್ಮ ಬೀದಿಯ ವಾಟ್ಸ್‌ಆ್ಯಪ್ ಗುಂಪಿಗೆ ಇಂಥದ್ದೊಂದು ಫಾರ್ವರ್ಡ್ ಬಂತು. ಪೆಂಡಾಲ್‌ಗೆ ಸೌಂಡ್ ಸಿಸ್ಟಮ್ ಬಾಡಿಗೆಗೆ ತರುವ ಬದಲು ಇದನ್ನೇ ಕೊಳ್ಳೋಣ ಎಂದರು ಒಬ್ಬರು. ಮನೆಯ ಟಿವಿಗೆ ಹಾಕಿಕೊಳ್ಳುತ್ತೇನೆ ಎಂದರು ಪಕ್ಕದ ಮನೆಯ ಅಂಕಲ್. ಚಂದಾ ದುಡ್ಡು ಕೈಬಿಡುವ ಮೊದಲು ಒಂದು ಲೆಕ್ಕ ಮಾಡೋಣ ಎಂದೆ. ಆ ಲೆಕ್ಕ ಇಲ್ಲಿದೆ.

ಇವು ಕ್ಲಾಸ್ ಡಿ ಆಂಪ್ಲಿಫೈಯರ್‌ಗಳು. ಡಿ ಎಂದರೆ ಡಿಜಿಟಲ್ ಅಲ್ಲ. ಎ, ಬಿ, ಸಿ ಮುಗಿದ ಮೇಲೆ ಸಿಕ್ಕ ಅಕ್ಷರ, ಅಷ್ಟೇ. ಹಳೆಯ ಮಾದರಿಯ ಆಂಪ್ಲಿಫೈಯರ್ ನಲ್ಲಿಯನ್ನು ಅರೆಬರೆ ತಿರುಗಿಸಿಟ್ಟ ಹಾಗೆ ಕೆಲಸ ಮಾಡುತ್ತದೆ, ತಡೆದು ನಿಲ್ಲಿಸಿದ ವಿದ್ಯುತ್ತು ಶಾಖವಾಗಿ ಹೋಗುತ್ತದೆ. ಕ್ಲಾಸ್ ಡಿಯಲ್ಲಿ ನಲ್ಲಿ ಒಂದೋ ಪೂರ್ತಿ ತೆರೆದಿರುತ್ತದೆ, ಇಲ್ಲವೇ ಪೂರ್ತಿ ಮುಚ್ಚಿರುತ್ತದೆ. ಸೆಕೆಂಡಿಗೆ ಲಕ್ಷಗಟ್ಟಲೆ ಬಾರಿ ಹೀಗೆ ತೆರೆದು ಮುಚ್ಚುವಾಗ, ಎಷ್ಟು ಹೊತ್ತು ತೆರೆದಿತ್ತು ಎಂಬುದರಿಂದಲೇ ದನಿಯ ಏರಿಳಿತ ಮೂಡುತ್ತದೆ. ಕೊನೆಯಲ್ಲಿರುವ ಕಾಯಿಲ್ ಮತ್ತು ಕೆಪಾಸಿಟರ್ ಅದನ್ನು ನಯ ಮಾಡಿ ಸ್ಪೀಕರ್‌ಗೆ ಕಳಿಸುತ್ತವೆ. ಜೋರಾಗಿ ನುಡಿಸುವಾಗ ಒಳಗೆ ಹೋದ ವಿದ್ಯುತ್ತಿನಲ್ಲಿ ಸುಮಾರು ಶೇ 90ರಷ್ಟು ಸ್ಪೀಕರ್ ತಲುಪುತ್ತದೆ. ಅದಕ್ಕೇ ಇದು ಇಷ್ಟು ಚಿಕ್ಕದು. ಇಷ್ಟರಮಟ್ಟಿಗೆ ಫಾರ್ವರ್ಡ್ ಹೇಳಿದ್ದು ನಿಜ.

ಸುಳ್ಳು ಇರುವುದು ವ್ಯಾಟ್‌ನಲ್ಲಿ. ಅಡಾಪ್ಟರ್ ಮೇಲೆ 12 ವೋಲ್ಟ್, 2 ಆಂಪಿಯರ್ ಎಂದಿದ್ದರೆ ಗುಣಿಸಿ ನೋಡಿ: 24 ವ್ಯಾಟ್. ಒಳಗೆ ಬರುವುದೇ 24 ಆದಾಗ ಹೊರಗೆ ನಿರಂತರವಾಗಿ 600 ಕೊಡಲು ಯಾವ ಚಿಪ್‌ಗೂ ಸಾಧ್ಯವಿಲ್ಲ. "ಕೆಪಾಸಿಟರ್ ಇದೆಯಲ್ಲ, ಒಂದು ಕ್ಷಣ ಹೆಚ್ಚು ಕೊಡುತ್ತದೆ" ಎಂದು ಗುಂಪಿನಲ್ಲಿ ಒಬ್ಬರು ವಾದಿಸಿದರು. ಆಂಪಿಯರ್ ವಿಷಯದಲ್ಲಿ ಆ ಮಾತು ಸರಿ. ಡೋಲಿನ ಒಂದು ಏಟಿಗೆ ಬೇಕಾದ ಹೆಚ್ಚುವರಿಯನ್ನು ಕೆಪಾಸಿಟರ್ ಒದಗಿಸುತ್ತದೆ. ಆದರೆ ವೋಲ್ಟೇಜಿನ ಮಿತಿಯನ್ನು ಅದು ದಾಟಿಸಲಾರದು. ಈ ಬೋರ್ಡ್‌ಗಳಲ್ಲಿ ಒಂದು ಚಾನೆಲ್‌ನಿಂದ ಶುದ್ಧವಾಗಿ ಸಿಗುವ ಗರಿಷ್ಠ ಶಕ್ತಿಯನ್ನು ಹೀಗೆ ಅಂದಾಜು ಮಾಡಬಹುದು: ವೋಲ್ಟೇಜನ್ನು ಅದರಿಂದಲೇ ಗುಣಿಸಿ, ಸ್ಪೀಕರ್ ಓಮ್‌ನ ಎರಡರಷ್ಟರಿಂದ ಭಾಗಿಸಿ. 12 ವೋಲ್ಟ್, 8 ಓಮ್ ಸ್ಪೀಕರ್ ಆದರೆ 144 ಭಾಗಿಸು 16, ಅಂದರೆ 9 ವ್ಯಾಟ್. 4 ಓಮ್ ಆದರೆ 18. ನಿಜವಾಗಿ ಸಿಗುವುದು ಇದಕ್ಕಿಂತ ತುಸು ಕಡಿಮೆಯೇ.

ಕೆಲವು ಬೋರ್ಡ್‌ಗಳ ಮೇಲೆ ಒಳ್ಳೆಯ ಚಿಪ್ಪೇ ಇರುತ್ತದೆ. ಉದಾಹರಣೆಗೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ3116. (ಈ ಕಂಪನಿಯ ಬೆಂಗಳೂರು ಕೇಂದ್ರ 1985ರಷ್ಟು ಹಳೆಯದು.) ಚಿಪ್‌ನ ಮಾಹಿತಿ ಪತ್ರದಲ್ಲಿ 50+50 ವ್ಯಾಟ್ ಎಂದಿದೆ. ಜೊತೆಗಿರುವ ಷರತ್ತನ್ನು ಮಾರುವವರು ಹೇಳುವುದಿಲ್ಲ: 21 ವೋಲ್ಟ್, 4 ಓಮ್ ಸ್ಪೀಕರ್, ಮತ್ತು ಶೇ 10ರಷ್ಟು ವಿರೂಪ. ಅಷ್ಟು ವಿರೂಪವಾದರೆ ಹಾಡಿನಲ್ಲಿ ದನಿ ಒಡೆದದ್ದು ಕಿವಿಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ.

ಈ ಚಾಳಿ ಹೊಸದೇನಲ್ಲ. 1964ರಲ್ಲಿ ಬ್ರಿಟನ್ನಿನಲ್ಲಿ ಮಾರಾಟಕ್ಕೆ ಬಂದ ಮೊದಲ ಕ್ಲಾಸ್ ಡಿ ಕಿಟ್ ಸಿಂಕ್ಲೇರ್ ಎಕ್ಸ್-10. ಹೆಸರಿನಲ್ಲಿ 10 ಇತ್ತು, ಕೊಡುತ್ತಿದ್ದದ್ದು ಸುಮಾರು ಎರಡೂವರೆ ವ್ಯಾಟ್! ಇಂಥ ಅಂಕಿಗಳಿಗೆ ಕಡಿವಾಣ ಹಾಕಲು ಅಮೆರಿಕದಲ್ಲಿ 1974ರಿಂದಲೇ ನಿಯಮವಿದೆ. 2024ರಲ್ಲಿ ಅದನ್ನು ಬಿಗಿಗೊಳಿಸಿ, 8 ಓಮ್, 20ರಿಂದ 20,000 ಹರ್ಟ್ಸ್, ಶೇ 1ಕ್ಕಿಂತ ಕಡಿಮೆ ವಿರೂಪದಲ್ಲಿ ಅಳೆದ ವ್ಯಾಟನ್ನೇ ಹೇಳಬೇಕು ಎಂದರು. ನೀವು ಕೊಳ್ಳುವ ಡಬ್ಬಿಯ ಮೇಲೆ ವಿರೂಪ ಮತ್ತು ಓಮ್ ಬರೆಯದೆ ವ್ಯಾಟ್ ಮಾತ್ರ ಇದ್ದರೆ, ಅಥವಾ ಪಿಎಂಪಿಒ ಎಂದಿದ್ದರೆ, ಆ ಅಂಕಿಯನ್ನು ಮರೆತುಬಿಡಿ.

ಹಾಗಾದರೆ 9 ವ್ಯಾಟ್ ಎಂದರೆ ಏನೂ ಇಲ್ಲವೇ? ಇಲ್ಲೇ ಹೆಚ್ಚಿನವರು ಎಡವುವುದು. ವ್ಯಾಟ್ ಎರಡರಷ್ಟಾದರೆ ಸದ್ದು ಏರುವುದು ಬರೀ 3 ಡೆಸಿಬೆಲ್. ಕಿವಿಗೆ ಎರಡರಷ್ಟು ಜೋರು ಅನ್ನಿಸಲು ಸುಮಾರು ಹತ್ತರಷ್ಟು ವ್ಯಾಟ್ ಬೇಕು. ಸಾಮಾನ್ಯ ಸ್ಪೀಕರ್ ಒಂದು ವ್ಯಾಟ್‌ಗೇ ಒಂದು ಮೀಟರ್ ದೂರದಲ್ಲಿ 85ರಿಂದ 90 ಡೆಸಿಬೆಲ್ ಸದ್ದು ಮಾಡುತ್ತದೆ. ನಮ್ಮ ಹಾಲ್‌ನಲ್ಲಿ ಹಾಡು ಕೇಳುವಾಗ ಬಳಕೆಯಾಗುವುದು ಹೆಚ್ಚೆಂದರೆ ಒಂದೆರಡು ವ್ಯಾಟ್. 84 ಡೆಸಿಬೆಲ್‌ನ ಸ್ಪೀಕರ್ ಬಿಟ್ಟು 90ರದ್ದನ್ನು ತಂದರೆ ಆಂಪ್ಲಿಫೈಯರ್ ಅನ್ನು ನಾಲ್ಕರಷ್ಟು ದೊಡ್ಡದು ಮಾಡಿದಂತೆ. ದುಡ್ಡು ಹಾಕುವುದಾದರೆ ಅಲ್ಲಿ ಹಾಕಿ.

ಮಳೆಗಾಲದಲ್ಲಿ ಕರೆಂಟ್ ಹೋದಾಗ ಇದರ ನಿಜವಾದ ಬೆಲೆ ತಿಳಿಯುತ್ತದೆ. 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಯ ಅರ್ಧ ಚಾರ್ಜ್ ಎಂದರೆ 42 ವ್ಯಾಟ್-ಅವರ್. ಮೆಲ್ಲಗೆ ಹಾಡು ಹಾಕಿದಾಗ ಬೋರ್ಡ್ 4 ವ್ಯಾಟ್ ಎಳೆದರೂ ಹತ್ತು ಗಂಟೆ ನಡೆಯುತ್ತದೆ.

ಕೊಂಡ ಮೇಲೆ ಮನೆಯಲ್ಲೇ ಪರೀಕ್ಷಿಸಬಹುದು. ಹಾಡು ನಿಲ್ಲಿಸಿ ಸ್ಪೀಕರ್ ಹತ್ತಿರ ಕಿವಿ ಇಡಿ. ಒಂದು ಮೀಟರ್ ದೂರಕ್ಕೂ ಸ್ಸ್ ಎಂಬ ಸದ್ದು ಕೇಳಿದರೆ ಬೋರ್ಡ್ ಅಥವಾ ಅಡಾಪ್ಟರ್ ಕಳಪೆ. ಜೋರಾಗಿ ನುಡಿಸುತ್ತಾ ಮಲ್ಟಿಮೀಟರ್‌ನಲ್ಲಿ ಅಡಾಪ್ಟರ್ ವೋಲ್ಟೇಜ್ ನೋಡಿ. 12 ಇದ್ದದ್ದು 10ಕ್ಕೆ ಇಳಿದರೆ ಬೈಯಬೇಕಾದದ್ದು ಅಡಾಪ್ಟರನ್ನು. ಅರ್ಧ ಗಂಟೆಯಲ್ಲಿ ಅದು ಮುಟ್ಟಲಾಗದಷ್ಟು ಬಿಸಿಯಾದರೆ ಬಳಸುವುದನ್ನೇ ನಿಲ್ಲಿಸಿ. ನನಗೆ ಇಷ್ಟವಾದ ಪರೀಕ್ಷೆ ಹಳೇ ರೇಡಿಯೊದ್ದು. ಅದನ್ನು ಬೋರ್ಡ್ ಪಕ್ಕದಲ್ಲಿಟ್ಟು 675 ಕಿಲೋಹರ್ಟ್ಸ್‌ನ ಭದ್ರಾವತಿ ಆಕಾಶವಾಣಿಯ ಆಸುಪಾಸಿನಲ್ಲಿ ಮುಳ್ಳು ತಿರುಗಿಸಿ. ಕ್ಲಾಸ್ ಡಿ ತೆರೆದು ಮುಚ್ಚುವ ವೇಗ ಮತ್ತು ಅದರ ಗುಣಕಗಳು ಮಧ್ಯಮ ತರಂಗದ ವಲಯದ ಸುತ್ತಮುತ್ತಲೇ ಬೀಳುತ್ತವೆ. ಬೋರ್ಡ್ ಆನ್ ಮಾಡಿದ ಕೂಡಲೇ ರೇಡಿಯೊ ಗೊರಗುಟ್ಟಿದರೆ ಫಿಲ್ಟರ್‌ನಲ್ಲಿ ಜಿಪುಣತನ ಮಾಡಿದ್ದಾರೆ ಎಂದರ್ಥ.

ಕ್ಲಾಸ್ ಡಿ ದನಿ ಕರ್ಕಶ ಎಂಬ ಮಾತೂ ಓಡಾಡುತ್ತದೆ. ಚೆನ್ನಾಗಿ ಮಾಡಿದ ಬೋರ್ಡ್‌ನಲ್ಲಿ ಹಾಗಾಗುವುದಿಲ್ಲ. ಅಗ್ಗದವುಗಳಲ್ಲಿ ಫಿಲ್ಟರನ್ನು ಒಂದು ನಿರ್ದಿಷ್ಟ ಓಮ್‌ಗೆ ಹೊಂದಿಸಿರುತ್ತಾರೆ. 4 ಓಮ್‌ಗೆಂದು ಮಾಡಿದ್ದಕ್ಕೆ 8ರ ಸ್ಪೀಕರ್ ಹಾಕಿದರೆ ತಾರದ ದನಿ ತುಸು ಚೂಪಾಗುತ್ತದೆ. ಎರಡು ಬೋರ್ಡ್ ಹೋಲಿಸುವಾಗ ಸದ್ದನ್ನು ಸಮ ಮಾಡಿಕೊಳ್ಳಿ, ಜೋರಾಗಿರುವುದೇ ಚೆಂದ ಅನ್ನಿಸುವುದು ಕಿವಿಯ ಸ್ವಭಾವ. ಇನ್ನೊಂದು ಎಚ್ಚರಿಕೆ: ಎರಡು ಸ್ಪೀಕರ್‌ಗಳ ಮೈನಸ್ ತಂತಿಗಳನ್ನು ಒಂದಕ್ಕೊಂದು ಸೇರಿಸಬೇಡಿ, ಅರ್ಥ್‌ಗೂ ತಾಗಿಸಬೇಡಿ. ಈ ಬೋರ್ಡ್‌ಗಳ ಮೈನಸ್‌ನಲ್ಲೂ ಸಿಗ್ನಲ್ ಇರುತ್ತದೆ. ತಾಗಿಸಿದರೆ ಚಿಪ್ ಸುಟ್ಟುಹೋಗಬಹುದು.

ಪೆಂಡಾಲ್‌ಗೆ ನಮ್ಮ ಬೀದಿಯವರು ಬಾಡಿಗೆ ಸೆಟ್ಟನ್ನೇ ತಂದರು. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ, 9 ವ್ಯಾಟ್ ಅಲ್ಲಿ ಸಾಲದು. 2000ದ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ಕ್ಕೆ ಅದನ್ನು ಆಫ್ ಮಾಡಿಸುವ ಜವಾಬ್ದಾರಿ ನನ್ನ ತಲೆಗೆ ಬಂತು. ಅಂಕಲ್ ಮಾತ್ರ ಒಂದು ಬೋರ್ಡ್ ಕೊಂಡರು. ಕೆಟ್ಟ ಲ್ಯಾಪ್‌ಟಾಪ್‌ನ 19 ವೋಲ್ಟ್ ಅಡಾಪ್ಟರ್, ಅಟ್ಟದ ಮೇಲಿದ್ದ ಹಳೇ 8 ಓಮ್ ಸ್ಪೀಕರ್‌ಗಳು. ಲೆಕ್ಕದಲ್ಲಿ ಒಂದೊಂದಕ್ಕೆ 22 ವ್ಯಾಟ್. ಬೋರ್ಡ್ ಮೇಲೆ ಈಗಲೂ 300 ಎಂದೇ ಇದೆ.