ಕೌದಿ ಗಂಟಿನಾಗಿನ ಬಳ್ಳಾರಿ ಅಂಗಿ

ಕೌದಿ ಹೊಲಿಯೋಕೆ ಹಳೇ ಅರಿವೆ ಗಂಟು ಬಿಚ್ಚಿಕೊಂಡು ಕೂತಿದ್ದೆ. ಅಮೆರಿಕದಿಂದ ಬಂದ ತಂಗಿ ಮಗಳದ್ದೊಂದು ಮಾಸಿದ ಅಂಗಿ ಹಗ್ಗದ ಮೇಲೆ ಕಂಡಿತು. ತಂದು ಕತ್ತರಿ ಹಚ್ಚಬೇಕು, ಅಷ್ಟರಾಗೆ "ದೊಡ್ಡವ್ವ, ಅದು ಹೊಸಾದು!" ಅಂತ ಓಡಿ ಬಂದ್ಲು.

ಮರೆತುಹೋದ ಆಟದ ತಂಡಗಳ ಹೆಸರು ಹಾಕಿ, ಬೇಕಂತಲೇ ಹಳೇದರಂಗೆ ಮಾಡಿ ಅಲ್ಲಿ ಅಂಗಿ ಮಾರ್ತಾರಂತೆ. ಇದರ ಮೇಲಿದ್ದದ್ದು ರಾಕ್‌ಫರ್ಡ್ ಪೀಚಸ್, ಬೇಸ್‌ಬಾಲ್ ಆಡಿದ ಹೆಂಗಸರ ತಂಡ. ಮಹಾಯುದ್ಧಕ್ಕೆ ಗಂಡಸರು ಹೋದಾಗ, 1943ರಲ್ಲಿ ಅಲ್ಲಿ ಹೆಂಗಸರದ್ದೇ ಲೀಗ್ ಶುರುವಾಯಿತು. 600ಕ್ಕೂ ಹೆಚ್ಚು ಮಂದಿ ಸಂಬಳ ತಗೊಂಡು ಆಡಿದರು. ಆದರೆ ಚಂದ ಕಾಣಬೇಕು ಅಂತ ಅವರಿಗೆ ಪ್ಯಾಂಟು ಕೊಡಲಿಲ್ಲ, ಗಿಡ್ಡ ಲಂಗ ಕೊಟ್ಟರು. ಓಡಿ ಬಂದು ನೆಲದ ಮೇಲೆ ಜಾರಿದರೆ ತೊಡೆ ಚರ್ಮ ಕಿತ್ತು ಬರ್ತಿತ್ತು. ಹಂಗೇ ಆಡಿದ್ರು ನೋಡ್ರಿ. 1954ಕ್ಕೆ ಲೀಗ್ ನಿಂತಿತು. 1992ರಲ್ಲಿ ಸಿನಿಮಾ ಬರೋತನಕ ಬಹಳ ಮಂದಿಗೆ ಅವರ ನೆನಪೇ ಇರಲಿಲ್ಲ.

ಕೇಳ್ತಾ ಕೇಳ್ತಾ ಗಂಟಿಗೆ ಕೈ ಹಾಕಿದರೆ ಮಗನ ಅಂಗಿ ಸಿಕ್ತು. ಬಳ್ಳಾರಿ ಟಸ್ಕರ್ಸ್! ಟಸ್ಕರ್ ಅಂದ್ರೆ ದಂತದ ಆನೆ. ನೆನಪೈತೇನ್ರಿ? 2009ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಶುರುವಾದಾಗ ನಮ್ಮ ಜಿಲ್ಲೆ ಹೆಸರಿನ ತಂಡ ಇರಲಿಲ್ಲ, ಆಮೇಲೆ ಬಂತು. 2019ರ ಫೈನಲ್‌ನಲ್ಲಿ ಹುಬ್ಬಳ್ಳಿ ಟೈಗರ್ಸ್ ಮುಂದೆ 8 ರನ್ನಿಗೆ ಸೋತಿತು. ಅವತ್ತು ನನ್ನ ಮಗ ಉಣ್ಣದೇ ಮಲಗಿದ. ಎರಡು ತಿಂಗಳು ಕಳೆದು ಫಿಕ್ಸಿಂಗ್ ಅನುಮಾನದ ಮೇಲೆ ಪೊಲೀಸರು ಆಟಗಾರರನ್ನ ಬಂಧಿಸಿದರು. 2022ರ ಜನವರಿಯಲ್ಲಿ ಹೈಕೋರ್ಟು ಆ ವಂಚನೆ ಕೇಸು ರದ್ದು ಮಾಡಿತು. ಅದೇ ವರ್ಷ ಲೀಗಿನ ಬದಲಿಗೆ ಮಹಾರಾಜ ಟ್ರೋಫಿ ಬಂತು, ಅದರ ಆರು ತಂಡಗಳಾಗೆ ಬಳ್ಳಾರಿ ಇರಲಿಲ್ಲ. ಅಷ್ಟೊತ್ತಿಗೆ, 2021ರಲ್ಲಿ, ನಮ್ಮ ಕೂಡ್ಲಿಗಿ ತಾಲೂಕೇ ವಿಜಯನಗರ ಜಿಲ್ಲೆಗೆ ಸೇರಿತ್ತು. ತಂಡಾನೂ ಹೋತು, ವಿಳಾಸದಾಗಿನ ಬಳ್ಳಾರೀನೂ ಹೋತು.

"ಹೆಸರು ಕೆಟ್ಟ ತಂಡದ ಅಂಗಿ ಯಾಕಕ್ಕಾ?" ಅಂದ್ಲು ನೆಗೆಣ್ಣಿ. ಒಂದು ಗಳಿಗೆ ನನಗೂ ಹಂಗೇ ಅನ್ನಿಸ್ತು. ಆದ್ರೆ ಮೈದಾನದಾಗೆ ಏನಾಯ್ತೋ, ಕಾನಹೊಸಹಳ್ಳಿಯ ನಮ್ಮ ಪಡಸಾಲ್ಯಾಗೆ ಉಣ್ಣದೇ ಮಲಗಿದ ಹುಡುಗನ ದುಃಖ ಅಂತೂ ಖರೇನೇ. ತಂಗಿ ಮಗಳ ಅಂಗಿ ದುಡ್ಡು ಕೊಟ್ಟು ತಂದ ಮಾಸಲು. ನಮ್ಮದು ನಾನೇ ಒಗೆದು ಒಗೆದು ಮಾಸಿದ್ದು.

ಹೆಸರಿರೋ ತುಂಡನ್ನ ಹಂಗೇ ಇಡಿಯಾಗಿ ಕೌದಿ ನಡುವೆ ಇಟ್ಟು ಹೊಲಿದೀನಿ. ಮಗ ರಜಕ್ಕೆ ಬಂದಾಗ ಹೊದ್ಕೊಳ್ಳಲಿ. ನಿಮ್ಮ ಗಂಟಿನಾಗೂ ಅಂಥಾ ಅಂಗಿ ಇದ್ದೀತು, ಕತ್ತರಿ ಹಚ್ಚೋಕೆ ಮುಂಚೆ ಒಂದ್ಸಲ ಹೆಸರು ಓದಿ ನೋಡ್ರಿ.